ಎರಡೇ ದಿನದಲ್ಲಿ ಲೆಕ್ಕ ಚುಕ್ತಾ: ಹೊರಡುವವರ ಕೈಲಿರುವ ಹದ ಯಾರ ಪಾಲಿಗೆ?

2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಅಂದಿನಿಂದ ಪುಣೆಯ ಹಿಂಜವಡಿಯ ಐಟಿ ಕಚೇರಿಗಳಿಗೂ ಭೋಸರಿ, ಚಾಕಣದ ಕಾರ್ಖಾನೆಗಳಿಗೂ ಒಂದೇ ಗೊಂದಲ. ವೇತನ ಸಂಹಿತೆಯ 17ನೇ ಸೆಕ್ಷನ್ ಪ್ರಕಾರ, ರಾಜೀನಾಮೆ ಕೊಟ್ಟವರಿರಲಿ, ಕೆಲಸದಿಂದ ತೆಗೆದವರಿರಲಿ, ಅವರ ಬಾಕಿ ಸಂಬಳವನ್ನು ಎರಡು ಕೆಲಸದ ದಿನಗಳೊಳಗೆ ಕೊಟ್ಟುಬಿಡಬೇಕು. ಇದಕ್ಕೆ ಮೊದಲು ‘ಫುಲ್ ಅಂಡ್ ಫೈನಲ್’, ಅಂದರೆ ಕೊನೆಯ ಲೆಕ್ಕದ ಹಣ, ಕೈಸೇರಲು 30ರಿಂದ 45 ದಿನ ಕಾಯುವುದು ರೂಢಿಯಾಗಿತ್ತು. ಕಾಯಿಸುವ ಆ ದಿನಗಳನ್ನೇ ಅನೇಕ ಕಂಪನಿಗಳು ಹಿಡಿತವಾಗಿ ಬಳಸುತ್ತಿದ್ದವು. ಕೆಟಿ, ಅಂದರೆ ನಾಲೆಜ್ ಟ್ರಾನ್ಸ್‌ಫರ್, ಮುಗಿದಿದೆ ಎಂದು ಮ್ಯಾನೇಜರ್ ಸಹಿ ಹಾಕುವವರೆಗೆ ದುಡ್ಡು ಹೊರಬರುತ್ತಿರಲಿಲ್ಲ.

ಈಗ ಆ ಹಿಡಿತ ಸಡಿಲವಾಗಿದೆ. ಹಾಗಾದರೆ ಕೆಟಿ ಕೊಡದೆಯೇ ಹೊರಟುಹೋಗಬಹುದೇ ಎಂದು ಕೆಲಸಗಾರರು ಕೇಳುತ್ತಿದ್ದಾರೆ. ಹತ್ತು ವರ್ಷ ಒಬ್ಬರೇ ನೋಡಿಕೊಂಡ ಕೆಲಸವನ್ನು ಇನ್ನು ಯಾರಿಂದ ಕಲಿಯುವುದು ಎಂಬುದು ಕಂಪನಿಗಳ ಚಿಂತೆ. ಎರಡಕ್ಕೂ ಉತ್ತರ ಬೇಕಾದರೆ ಕಾನೂನಿಗಿಂತ ಹಿಂದಕ್ಕೆ ಹೋಗಬೇಕು. ಹೊರಡುವ ಹೊತ್ತಿನ ಕೆಟಿ ಮೊದಲೂ ಸರಿಯಾಗಿ ನಡೆಯುತ್ತಿರಲಿಲ್ಲ. ಸಹಿಯೊಂದು ಅದನ್ನು ಮುಚ್ಚಿಟ್ಟಿತ್ತು.

ಬದಲಾದದ್ದು, ಬದಲಾಗದ್ದು

ನೋಟಿಸ್ ಅವಧಿ ರದ್ದಾಗಿಲ್ಲ. ನೇಮಕಾತಿ ಪತ್ರದಲ್ಲಿ 60 ಅಥವಾ 90 ದಿನ ಎಂದಿದ್ದರೆ ಆ ಕರಾರು ಹಾಗೇ ಇದೆ. ಎರಡು ದಿನದ ಗಡುವು ಶುರುವಾಗುವುದು ಕೆಲಸ ಬಿಟ್ಟ ಮೇಲೆ, ರಾಜೀನಾಮೆ ಪತ್ರ ಕೊಟ್ಟ ದಿನದಿಂದಲ್ಲ. ಗ್ರಾಚ್ಯುಟಿಯದು ಬೇರೆ ಲೆಕ್ಕ, ಅದಕ್ಕೆ 30 ದಿನಗಳ ಅವಕಾಶವಿದೆ. ಹಾಗಾಗಿ ಕೆಟಿ ಕೊಡುವ ಹೊಣೆ ನೋಟಿಸ್ ಅವಧಿಯೊಳಗೆ ಮೊದಲಿನಂತೆಯೇ ಇದೆ. ಹೋದ ಮೇಲೂ ಸಂಬಳ ಹಿಡಿದಿಟ್ಟು ಅದನ್ನು ವಸೂಲು ಮಾಡುವ ದಾರಿ ಮಾತ್ರ ಮುಚ್ಚಿದೆ.

ಇದಕ್ಕಿಂತ ದೂರ ಹೋಗುವ ಬದಲಾವಣೆ ಇನ್ನೊಂದಿದೆ. ನಿಗದಿತ ಅವಧಿಗೆ ನೇಮಕವಾದವರು ಒಂದು ವರ್ಷ ಪೂರೈಸಿದರೆ ಸಾಕು, ಈಗ ಗ್ರಾಚ್ಯುಟಿಗೆ ಅರ್ಹರು. ಮೊದಲು ಐದು ವರ್ಷ ಬೇಕಿತ್ತು. ಕೆಲಸಗಾರರಿಗೆ ಇದು ನ್ಯಾಯವಾದ ಲಾಭ. ಜೊತೆಗೆ, ಐದು ವರ್ಷದ ಗಡಿಯ ಆಸೆಗೆ ಒಂದೇ ಕಡೆ ಕೂತಿರುವ ಕಾರಣವೂ ಕಡಿಮೆಯಾಗುತ್ತದೆ. ಎರಡು ಮೂರು ವರ್ಷಕ್ಕೊಮ್ಮೆ ಜನ ಬದಲಾಗುವ ಶಾಪ್ ಫ್ಲೋರ್‌ನಲ್ಲಿ ‘ಹತ್ತು ವರ್ಷ ಜೊತೆಗಿದ್ದು ನೋಡಿ ಕಲಿ’ ಎಂಬ ಹಳೆಯ ಪದ್ಧತಿ ನಡೆಯುವುದಿಲ್ಲ.

ಐಟಿಯಲ್ಲಿ ಗೊಂದಲದ ಬಣ್ಣ ಬೇರೆ. 2025ರ ಜುಲೈನಲ್ಲಿ ಮುಂಬೈ ಕೇಂದ್ರಿತ ಟಿಸಿಎಸ್ ತನ್ನ ಸಿಬ್ಬಂದಿಯಲ್ಲಿ ಸುಮಾರು ಶೇ 2ರಷ್ಟು, ಅಂದರೆ 12,000ಕ್ಕೂ ಹೆಚ್ಚು ಮಂದಿಯನ್ನು ಕಡಿಮೆ ಮಾಡುವುದಾಗಿ ಪ್ರಕಟಿಸಿತು. ಹೆಚ್ಚಿನವರು ಮಧ್ಯಮ ಮತ್ತು ಮೇಲಿನ ಹಂತದವರು. ಆ ಸುದ್ದಿ ಓದಿದ ಬೇರೆ ಕಂಪನಿಗಳ ಹಿರಿಯ ಎಂಜಿನಿಯರುಗಳ ಮನಸ್ಸಿನಲ್ಲಿ ಒಂದು ಲೆಕ್ಕ ಓಡುವುದು ಸಹಜ: ನನಗೆ ಗೊತ್ತಿರುವುದನ್ನೆಲ್ಲ ಕಿರಿಯರಿಗೆ ಕಲಿಸಿದರೆ, ಮುಂದಿನ ಪಟ್ಟಿಯಲ್ಲಿ ಮೊದಲ ಹೆಸರು ನನ್ನದೇ ಇರಬಹುದಲ್ಲ? ‘ನಾವೆಲ್ಲ ಒಂದೇ ಕುಟುಂಬ, ತಿಳಿದದ್ದನ್ನು ಹಂಚಿಕೊಳ್ಳೋಣ’ ಎಂಬ ಎಚ್‌ಆರ್ ಇಮೇಲ್‌ಗೆ ಈ ಲೆಕ್ಕವನ್ನು ಅಳಿಸುವ ಶಕ್ತಿಯಿಲ್ಲ.

ಬಾಂಡಿನ ದಾರಿ ಎಲ್ಲಿಯವರೆಗೆ

ಜ್ಞಾನ ಬಾಗಿಲು ದಾಟದಂತೆ ತಡೆಯಲು ಕಂಪನಿಗಳು ಮೊದಲು ನೆಚ್ಚಿಕೊಳ್ಳುವುದು ಕಾಗದವನ್ನು. 1872ರ ಭಾರತೀಯ ಕರಾರು ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ ಒಬ್ಬರ ಉದ್ಯೋಗ, ವ್ಯಾಪಾರಕ್ಕೆ ತಡೆಯೊಡ್ಡುವ ಕರಾರು ಅಸಿಂಧು. ಹಾಗಾಗಿ ಕೆಲಸ ಬಿಟ್ಟ ಮೇಲೂ ‘ಎದುರಾಳಿ ಕಂಪನಿಗೆ ಸೇರಬಾರದು’ ಎಂಬ ಷರತ್ತು ಕೋರ್ಟಿನಲ್ಲಿ ಸಾಮಾನ್ಯವಾಗಿ ನಿಲ್ಲುವುದಿಲ್ಲ. ಸೇವೆಯಲ್ಲಿರುವಾಗಿನ ಮಾತು ಬೇರೆ. 1967ರಲ್ಲಿ ಸುಪ್ರೀಂ ಕೋರ್ಟ್ ಮುಂದೆ ಬಂದದ್ದು ಮುಂಬೈ ಪಕ್ಕದ ಕಲ್ಯಾಣದ ರೇಯಾನ್ ಕಾರ್ಖಾನೆಯ ಪ್ರಕರಣ. ವಿದೇಶಿ ತಂತ್ರಜ್ಞಾನದಲ್ಲಿ ತರಬೇತಿ ಪಡೆದು, ಐದು ವರ್ಷದ ಕರಾರಿಗೆ ಸಹಿ ಹಾಕಿದ್ದ ಶಿಫ್ಟ್ ಸೂಪರ್‌ವೈಸರ್ ಒಬ್ಬರು ನಡುವೆಯೇ ಬಿಟ್ಟು ಎದುರಾಳಿ ಕಂಪನಿ ಸೇರಿದ್ದರು. ಕರಾರಿನ ಅವಧಿಯೊಳಗಿನ ನಿರ್ಬಂಧ ಸಿಂಧು ಎಂದು ಕೋರ್ಟ್ ಹೇಳಿತು.

2025ರ ಮೇ ತಿಂಗಳಲ್ಲಿ ಇನ್ನೊಂದು ತೀರ್ಪು ಬಂತು. 1931ರಲ್ಲಿ ಮಂಗಳೂರಿನಲ್ಲಿ ಹುಟ್ಟಿ 2019ರಲ್ಲಿ ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾದ ವಿಜಯಾ ಬ್ಯಾಂಕಿನ ಪ್ರಕರಣವದು. ಮೂರು ವರ್ಷ ಮುಗಿಯುವ ಮೊದಲೇ ಬಿಟ್ಟರೆ 2 ಲಕ್ಷ ರೂಪಾಯಿ ಕೊಡಬೇಕೆಂಬ ಷರತ್ತನ್ನು ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ‘ಇನ್ನು ಬಾಂಡ್ ಇದ್ದರೆ ಬಿಡುವ ಹಾಗೇ ಇಲ್ಲ’ ಎಂದು ಹಲವರು ಇದನ್ನು ಅರ್ಥ ಮಾಡಿಕೊಂಡಿದ್ದಾರೆ. ಅದು ತಪ್ಪು. ಬಿಡಬಹುದು, ನೇಮಕಾತಿಗೆ ಆದ ಖರ್ಚಿಗೆ ತಕ್ಕ ಪರಿಹಾರ ಕೊಡಬೇಕು, ಅಷ್ಟೇ.

ವ್ಯಾಪಾರದ ಗುಟ್ಟುಗಳಿಗೆಂದೇ ಪ್ರತ್ಯೇಕ ಕಾಯ್ದೆ ನಮ್ಮಲ್ಲಿಲ್ಲ. ಅಂಥದ್ದೊಂದು ಬೇಕೆಂದು ಕಾನೂನು ಆಯೋಗ 2024ರ ಮಾರ್ಚಿನಲ್ಲಿ ತನ್ನ 289ನೇ ವರದಿಯಲ್ಲಿ ಶಿಫಾರಸು ಮಾಡಿದೆ. ಗ್ರಾಹಕರ ಪಟ್ಟಿ, ಫಾರ್ಮುಲಾ, ಸೋರ್ಸ್ ಕೋಡ್ ಕಂಪನಿಯ ಆಸ್ತಿ. ಕೈಗೆ ಹತ್ತಿದ ಕೆಲಸ ಮನುಷ್ಯನ ಜೊತೆಗೇ ಹೋಗುತ್ತದೆ. ಬಾಂಡು ಆಳನ್ನು ಮೂರು ವರ್ಷ ಕೂರಿಸಬಹುದು, ಅವರ ಬಾಯಿ ಬಿಡಿಸಲಾರದು.

ಎಸ್‌ಒಪಿಯಲ್ಲಿ ಇಲ್ಲದ್ದು

ಗುಣಮಟ್ಟ ನಿರ್ವಹಣೆಯ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್‌ಒ 9001ರ 2015ರ ಆವೃತ್ತಿಯಲ್ಲಿ 7.1.6 ಎಂಬ ಕಲಮು ಸೇರಿತು. ಕೆಲಸಕ್ಕೆ ಬೇಕಾದ ಜ್ಞಾನ ಯಾವುದೆಂದು ಸಂಸ್ಥೆ ಗುರುತಿಸಬೇಕು, ಉಳಿಸಿಕೊಳ್ಳಬೇಕು, ಬೇಕಾದವರಿಗೆ ಸಿಗುವಂತೆ ಮಾಡಬೇಕು ಎನ್ನುತ್ತದೆ ಅದು. ಉದ್ದೇಶ ಒಳ್ಳೆಯದು. ಆದರೆ ಆಡಿಟ್ ಹತ್ತಿರ ಬಂದಾಗ ಆಗುವುದು ಫೈಲು ತುಂಬಿಸುವ ಕೆಲಸ. ಗೋವಾದ ವೆರ್ಣಾದಂಥ ಔಷಧಿ ಘಟಕಗಳಿರುವ ಕಡೆ ‘ಓದಿ ತಿಳಿದುಕೊಂಡಿದ್ದೇನೆ’ ಎಂಬ ಸಹಿ ಪ್ರತಿ ಎಸ್‌ಒಪಿಗೂ, ಅಂದರೆ ಕೆಲಸದ ಕ್ರಮ ಬರೆದಿಟ್ಟ ಹಾಳೆಗೂ, ಬೇಕು. ಸಹಿ ಇದ್ದಲ್ಲೆಲ್ಲ ತಿಳಿವಳಿಕೆ ಇದೆಯೆಂದಲ್ಲ.

ಹಾಳೆಗೆ ಇಳಿಯದೆ ಉಳಿಯುವುದು ಏನು? ಕನ್ನಡದಲ್ಲಿ ಅದಕ್ಕೆ ‘ಹದ’ ಎಂಬ ಒಳ್ಳೆಯ ಮಾತಿದೆ. ಮುಂಬೈಯ ಮಾಟುಂಗದ ಉಡುಪಿ ಹೋಟೆಲಿನ ಅಡುಗೆಮನೆಯಲ್ಲಿ ದೋಸೆಹಿಟ್ಟಿನ ಅಳತೆ ಎಲ್ಲರಿಗೂ ಗೊತ್ತು: ಮೂರು ನಾಲ್ಕು ಪಾಲು ಅಕ್ಕಿಗೆ ಒಂದು ಪಾಲು ಉದ್ದು. ಮೇ ತಿಂಗಳಲ್ಲಿ ರುಬ್ಬುವಾಗ ಐಸ್ ನೀರು ಹಾಕಬೇಕು. ಕಲ್ಲು ತಿರುಗಿ ತಿರುಗಿ ಹಿಟ್ಟು ಬಿಸಿಯಾದರೆ ರುಬ್ಬುವಾಗಲೇ ಹುಳಿ ಹಿಡಿಯತೊಡಗಿ, ಬೆಳಗಿನ ಹೊತ್ತಿಗೆ ಅತಿಯಾಗಿರುತ್ತದೆ. ಜನವರಿಯಲ್ಲಿ ಅದೇ ಹಿಟ್ಟನ್ನು ಸಂಜೆ ಬೇಗ ರುಬ್ಬಿಟ್ಟು ಒಲೆಯ ಪಕ್ಕ ಇಡಬೇಕು. ಇವು ಗೊತ್ತಿರುವ ಭಟ್ಟರು ಊರಿಗೆ ಹೋದ ವಾರ ಗಿರಾಕಿಗಳಿಗೆ ನಾಲಗೆಯಲ್ಲೇ ಗೊತ್ತಾಗುತ್ತದೆ.

ಕಾರ್ಖಾನೆಯಲ್ಲೂ ಅದೇ ಕಥೆ. 25 ಮಿ.ಮೀ. ವ್ಯಾಸದ ಶಾಫ್ಟಿನ ಮೇಲೆ ಬೇರಿಂಗ್ ಕೂರುವ ಜಾಗವನ್ನು ಕೆ6 ಎಂಬ ಬಿಗಿತದ ಅಳತೆಗೆ ಟರ್ನ್ ಮಾಡಬೇಕು ಎಂದುಕೊಳ್ಳೋಣ. ಡ್ರಾಯಿಂಗ್ ಪ್ರಕಾರ ಪ್ಲಸ್ 2ರಿಂದ ಪ್ಲಸ್ 15 ಮೈಕ್ರಾನ್ (ಮಿ.ಮೀ.ನ ಸಾವಿರದಲ್ಲೊಂದು ಪಾಲು), ಅಂದರೆ ಆಟಕ್ಕೆ ಇರುವುದು ಬರೀ 13 ಮೈಕ್ರಾನ್. ಗುರುವಾರದ ವಾರದ ರಜೆ ಮುಗಿಸಿ ಶುಕ್ರವಾರ ಬೆಳಗ್ಗೆ ಕಂಪ್ಯೂಟರ್ ನಡೆಸುವ ಸಿಎನ್‌ಸಿ ಮಷೀನ್ ಶುರು ಮಾಡಿದರೆ ಮೊದಲ ಪೀಸುಗಳು ಒಂದು ಅಳತೆ, ಒಂದು ಗಂಟೆಯ ನಂತರದವು ಇನ್ನೊಂದು ಅಳತೆ ಬರುತ್ತವೆ. ಉಕ್ಕು ಪ್ರತಿ ಡಿಗ್ರಿಗೆ ಮೀಟರಿಗೆ ಸುಮಾರು 11–12 ಮೈಕ್ರಾನ್ ಹಿಗ್ಗುತ್ತದೆ. ಸ್ಥಾನವನ್ನು ನೇರವಾಗಿ ಅಳೆಯುವ ಲೀನಿಯರ್ ಸ್ಕೇಲ್ ಇಲ್ಲದ ಮಷೀನಿನಲ್ಲಿ, ಟೂಲನ್ನು ಸರಿಸುವ 200 ಮಿ.ಮೀ. ಬಾಲ್ ಸ್ಕ್ರೂ 5 ಡಿಗ್ರಿ ಬಿಸಿಯಾದರೆ ಸುಮಾರು 11 ಮೈಕ್ರಾನ್ ವ್ಯತ್ಯಾಸ, ವ್ಯಾಸದಲ್ಲಿ ಅದು ದುಪ್ಪಟ್ಟು. ಇಡೀ ಟಾಲರೆನ್ಸ್ ಅಲ್ಲೇ ಮುಗಿದುಹೋಯಿತು. ಇನ್ನು ಆಗಷ್ಟೇ ತೆಗೆದ ಪೀಸ್ ಕೋಣೆಗಿಂತ 20 ಡಿಗ್ರಿ ಬಿಸಿಯಿದ್ದಾಗಲೇ ಮೈಕ್ರೊಮೀಟರ್ ಇಟ್ಟರೆ ಅದು ಸುಮಾರು 6 ಮೈಕ್ರಾನ್ ದಪ್ಪ ತೋರಿಸುತ್ತದೆ. ಅದನ್ನು ನಂಬಿ ಹೊಸಬರು ಆಫ್‌ಸೆಟ್, ಅಂದರೆ ಟೂಲಿನ ಅಳತೆಯ ತಿದ್ದುಪಡಿ, ಬದಲಿಸುತ್ತಾರೆ, ಆರಿದ ಮೇಲೆ ಪೀಸ್ ಸಣ್ಣದಾಗಿರುತ್ತದೆ, ಸ್ಕ್ರ್ಯಾಪ್ ಬಿನ್ ತುಂಬುತ್ತದೆ.

ಗೋಡೆಯ ಮೇಲಿನ ಎಸ್‌ಒಪಿಯಲ್ಲಿ ಏನಿರುತ್ತದೆ? ‘ಮಷೀನ್ ವಾರ್ಮ್‌ಅಪ್ ಮಾಡಿ. ಮೊದಲ ಪೀಸ್ ಪರೀಕ್ಷಿಸಿ.’ ಎಷ್ಟು ಹೊತ್ತು ಬಿಸಿ ಮಾಡಬೇಕು, ಎಷ್ಟು ಆರಿದ ಮೇಲೆ ಅಳೆಯಬೇಕು, ಏಕೆ ಎಂಬುದು ಮಷೀನ್ ಸಜ್ಜು ಮಾಡುವ ಹಳೆಯ ಸೆಟ್ಟರ್ ತಲೆಯಲ್ಲಿದೆ. ಕೇಳಿದರೆ ಅವರೂ ‘ಅದರಲ್ಲೇನಿದೆ, ಅಂದಾಜು’ ಎನ್ನುತ್ತಾರೆ. ಬಚ್ಚಿಡುತ್ತಿದ್ದಾರೆ ಎಂದೇನಲ್ಲ. ವರ್ಷಗಟ್ಟಲೆ ಮಾಡಿದ ಕೆಲಸದಲ್ಲಿ ಯಾವುದು ಹೇಳಬೇಕಾದ ಮಾತು ಎಂಬುದೇ ಮಾಡುವವರಿಗೆ ಕಾಣದೆ ಹೋಗುತ್ತದೆ.

ಹೇಳಿದವರಿಗೇ ನಷ್ಟವಾಗುವ ಲೆಕ್ಕ

ಬೇಕೆಂದೇ ಬಚ್ಚಿಡುವುದೂ ಇದೆ. ಅದಕ್ಕೆ ಕಾರಣ ಹುಡುಕಲು ಸ್ವಭಾವದವರೆಗೆ ಹೋಗಬೇಕಿಲ್ಲ, ಟಾರ್ಗೆಟ್ ಬೋರ್ಡ್ ನೋಡಿದರೆ ಸಾಕು.

ಒಂದು ಪೀಸಿಗೆ 240 ಸೆಕೆಂಡ್ ಸೈಕಲ್ ಟೈಮ್, ಶಿಫ್ಟಿನಲ್ಲಿ ಊಟ ಕಳೆದು 450 ನಿಮಿಷ ಕೆಲಸ ಎಂದಿಟ್ಟುಕೊಳ್ಳಿ. ಟಾರ್ಗೆಟ್ 112 ಪೀಸು. ಆಪರೇಟರ್ ಒಬ್ಬ ಪೀಸ್ ಕ್ಲ್ಯಾಂಪ್ ಮಾಡುವ ಕ್ರಮ ಬದಲಿಸಿ 20 ಸೆಕೆಂಡ್ ಉಳಿಸುವುದನ್ನು ಕಂಡುಕೊಂಡ. ಸುಮ್ಮನಿದ್ದರೆ ದಿನಕ್ಕೆ 37 ನಿಮಿಷದ ಉಸಿರು ಅವನದು. ಹೇಳಿದರೆ ಮುಂದಿನ ವಾರ ಐಇ (ಇಂಡಸ್ಟ್ರಿಯಲ್ ಎಂಜಿನಿಯರಿಂಗ್) ವಿಭಾಗದವರು ಸ್ಟಾಪ್‌ವಾಚ್ ಹಿಡಿದು ಬರುತ್ತಾರೆ, ಟಾರ್ಗೆಟ್ 122 ಆಗುತ್ತದೆ, ಸಂಬಳ ಅಷ್ಟೇ ಇರುತ್ತದೆ, ಪಕ್ಕದ ಮಷೀನಿನವರ ಶಾಪವೂ ತಲೆಗೆ ಬರುತ್ತದೆ. ಈ ಪರಿಸ್ಥಿತಿಯಲ್ಲಿ ಬಾಯಿ ಬಿಡದವನನ್ನು ಸ್ವಾರ್ಥಿ ಎನ್ನುವುದು ಅನ್ಯಾಯ.

ಐಟಿಯಲ್ಲಿ ಟಾರ್ಗೆಟ್ ಬೋರ್ಡಿನ ಜಾಗದಲ್ಲಿ ಬೆಲ್ ಕರ್ವ್ ಇದೆ. ತಂಡದಲ್ಲಿ ಇಷ್ಟೇ ಜನರಿಗೆ ಒಳ್ಳೆಯ ರೇಟಿಂಗ್ ಎಂದು ಮೊದಲೇ ಗೆರೆ ಎಳೆದರೆ, ಪಕ್ಕದವರಿಗೆ ಕಲಿಸಿದಷ್ಟೂ ತನ್ನ ರ‍್ಯಾಂಕ್ ಇಳಿಯುತ್ತದೆ. ಮೈಕ್ರೊಸಾಫ್ಟ್ ಇಂಥ ರ‍್ಯಾಂಕಿಂಗನ್ನು 2013ರ ನವೆಂಬರಿನಲ್ಲಿ ಕೈಬಿಟ್ಟಾಗ ಒಟ್ಟಾಗಿ ಕೆಲಸ ಮಾಡುವುದಕ್ಕೆ ಒತ್ತು ಕೊಡುವುದೇ ಉದ್ದೇಶ ಎಂದು ಹೇಳಿತ್ತು. ಸರ್ವಿಸ್ ಕಂಪನಿಗಳಲ್ಲಿ ಇದರ ಮೇಲೆ ಇನ್ನೊಂದು ತೊಡಕು: ಪ್ರತಿ ಗಂಟೆಯನ್ನೂ ಗ್ರಾಹಕರ ಖಾತೆಗೆ ಬರೆಯಬೇಕು. ಕಿರಿಯರಿಗೆ ಎರಡು ಗಂಟೆ ಕಲಿಸಿದರೆ ಅದಕ್ಕೆ ಟೈಮ್‌ಶೀಟಿನಲ್ಲಿ ಕೋಡೇ ಇಲ್ಲ.

ಆಡಳಿತದ ವಾದದಲ್ಲೂ ಹುರುಳಿದೆ. ಕಂಪನಿಯ ಮಷೀನಿನ ಮೇಲೆ, ಕಂಪನಿಯ ಸಮಯದಲ್ಲಿ, ಕಂಪನಿ ಭರಿಸಿದ ಸ್ಕ್ರ್ಯಾಪಿನ ಖರ್ಚಿನಲ್ಲಿ ಕಲಿತ ವಿದ್ಯೆ ಒಬ್ಬರದೇ ಹೇಗಾಗುತ್ತದೆ? ಎಲ್ಲರಿಗೂ ಎಲ್ಲ ಹೇಳಿದರೆ ನಾಳೆ ಎದುರಿನ ಗಾಲಾದವರು (ಸಣ್ಣ ಕಾರ್ಖಾನೆ ಶೆಡ್ಡಿನವರು) ಅದನ್ನೇ ಮಾಡುವುದಿಲ್ಲವೇ? ಈ ಭಯಕ್ಕೆ ಪ್ರತಿ ಫೋಲ್ಡರಿಗೂ ಬೀಗ ಬೀಳುತ್ತದೆ. ಒಂದು ಕಡೆ ‘ಹಂಚಿಕೊಳ್ಳಿ’ ಎಂಬ ಪೋಸ್ಟರ್, ಇನ್ನೊಂದು ಕಡೆ ಡ್ರಾಯಿಂಗ್ ತೆರೆಯಲು ಮೂವರ ಅನುಮತಿ. ನಿಜವಾಗಿ ಗುಟ್ಟಾಗಿಡಬೇಕಾದ್ದು ಒಂದು ಸಣ್ಣ ಪಟ್ಟಿ. ಅದನ್ನು ಬರೆದು ಬೇರೆ ಮಾಡಿದರೆ ಉಳಿದದ್ದಕ್ಕೆ ಬೀಗವೇ ಬೇಡ. ಆ ಪಟ್ಟಿ ಬರೆಯುವ ಕಷ್ಟ ತೆಗೆದುಕೊಳ್ಳದ ಕಂಪನಿಗಳೇ ಎಲ್ಲಕ್ಕೂ ಬೀಗ ಜಡಿಯುತ್ತವೆ.

ಊರಿನ ದಾರಿಯಲ್ಲಿ ಹರಿಯುವ ವಿದ್ಯೆ

‘ನಮ್ಮಲ್ಲಿ ಯಾರೂ ಯಾರಿಗೂ ಹೇಳಿಕೊಡುವುದಿಲ್ಲ’ ಎನ್ನುವ ಮ್ಯಾನೇಜರುಗಳು ಊಟದ ಹೊತ್ತಿನಲ್ಲಿ ಯಾರು ಯಾರ ಜೊತೆ ಕೂರುತ್ತಾರೆಂದು ನೋಡಿದರೆ ಬೇರೆಯದೇ ಚಿತ್ರ ಸಿಗುತ್ತದೆ. ವಿಜಯಪುರ, ಕಲಬುರಗಿ, ಬೀದರ್ ಕಡೆಯಿಂದ ಪುಣೆಯ ಕೈಗಾರಿಕಾ ಪಟ್ಟಿಗೆ ಬಂದವರು ತಮ್ಮ ಊರಿನ ಹುಡುಗನಿಗೆ ಕೆಲಸ ಹೇಳಿಕೊಡುತ್ತಾರೆ, ಕನ್ನಡದಲ್ಲಿ, ಬೈದು, ಕೈಹಿಡಿದು. ಬಿಹಾರದವರು, ಮರಾಠವಾಡದವರು ತಮ್ಮ ತಮ್ಮವರಿಗೆ ಕಲಿಸುತ್ತಾರೆ. ಮುಂಬೈಯ ಉಡುಪಿ ಹೋಟೆಲುಗಳ ಇಡೀ ಬೆಳವಣಿಗೆ ನಡೆದದ್ದೇ ಹೀಗೆ: ಕಪ್ ತೊಳೆಯಲು ಬಂದ ಹುಡುಗ ಸಪ್ಲೈಯರ್ ಆಗಿ, ಗಲ್ಲೆಯ ಮೇಲೆ ಕೂತು, ಕೊನೆಗೆ ತನ್ನದೇ ಹೋಟೆಲ್ ಹಾಕುವವರೆಗೆ ವಿದ್ಯೆ ಊರಿನ ನಂಟಿನ ಮೇಲೆ ದಾಟಿತು.

ಆ ನಂಟಿನಲ್ಲಿ ವಿದ್ಯೆ ದಾಟಿದ್ದಕ್ಕೆ ಕಾರಣ ಸರಳ. ಕಲಿಸಿದವನಿಗೆ ಊರಿನಲ್ಲಿ ಹೆಸರು ಉಳಿಯುತ್ತಿತ್ತು, ಕಲಿತವನು ಅವನ ಅನ್ನ ಕಸಿಯುವುದಿಲ್ಲವೆಂಬ ನಂಬಿಕೆಯಿತ್ತು. ತೊಂದರೆಯೂ ಅಲ್ಲೇ ಇದೆ. ಊರಿನವರಲ್ಲದವರಿಗೆ, ಹೊಸದಾಗಿ ಬಂದ ಹೆಣ್ಣುಮಕ್ಕಳಿಗೆ ಆ ಬಾಗಿಲು ತೆರೆಯುವುದೇ ಇಲ್ಲ. ಕಂಪನಿಯ ಕೆಲಸವೆಂದರೆ ಆ ಹೆಸರು ಮತ್ತು ನಂಬಿಕೆ ಊರಿನ ಗಡಿ ದಾಟುವಂತೆ ಮಾಡುವುದು. ಗಡಿಯ ಒಂದು ಭಾಗ ಭಾಷೆಯದು. ಎಸ್‌ಒಪಿ ಇಂಗ್ಲಿಷಿನಲ್ಲಿ, ಸೂಪರ್‌ವೈಸರ್ ಮರಾಠಿಯಲ್ಲಿ, ಆಪರೇಟರ್ ಯೋಚಿಸುವುದು ಕನ್ನಡದಲ್ಲಿ. ಅವರ ಭಾಷೆಯಲ್ಲೇ ಎರಡು ನಿಮಿಷದ ಮೊಬೈಲ್ ವಿಡಿಯೊ ತೆಗೆದು, ಕೆಳಗೆ ಹಿಂದಿ ಸಾಲು ಸೇರಿಸಿದರೆ ಹತ್ತು ಪುಟದ ಇಂಗ್ಲಿಷ್ ಫೈಲಿಗಿಂತ ಹೆಚ್ಚು ಕೆಲಸಕ್ಕೆ ಬರುತ್ತದೆ.

ನಡೆದು ತೋರಿಸಿದ ದಾರಿಗಳು

1990ರ ದಶಕದಲ್ಲಿ ಜೆರಾಕ್ಸ್ ಕಂಪನಿಯ ರಿಪೇರಿ ತಂತ್ರಜ್ಞರ ನಡುವೆ ‘ಯುರೇಕಾ’ ಎಂಬ ವ್ಯವಸ್ಥೆ ಬೆಳೆಯಿತು. ಮ್ಯಾನುಯಲ್‌ನಲ್ಲಿಲ್ಲದ ರಿಪೇರಿ ಉಪಾಯ ಕಂಡುಕೊಂಡವರು ಅದನ್ನು ಬರೆದು ಕಳಿಸುತ್ತಿದ್ದರು, ಅನುಭವಿ ತಂತ್ರಜ್ಞರು ಪರೀಕ್ಷಿಸಿ ಒಪ್ಪಿದರೆ ಬರೆದವರ ಹೆಸರಿನೊಂದಿಗೆ ಎಲ್ಲರಿಗೂ ಸಿಗುತ್ತಿತ್ತು. ಹಣದ ಬಹುಮಾನ ಇರಲಿಲ್ಲ. ಅದರಲ್ಲೂ ಒಂದು ವಿವೇಕವಿದೆ. ಒಂದು ಟಿಪ್ಪಣಿಗೆ ಇಷ್ಟು ರೂಪಾಯಿ ಎಂದರೆ ಬರುವುದು ಟಿಪ್ಪಣಿಗಳ ರಾಶಿ. ಆ ರಾಶಿಯಲ್ಲಿ ಬೇಕಾದ್ದು ಹುಡುಕಲಾಗದೆ ಜನ ಮತ್ತೆ ಫೋನ್ ಮಾಡಿ ಕೇಳತೊಡಗುತ್ತಾರೆ.

ಕೈಕೆಲಸಕ್ಕೆ ಒದಗುವ ಕ್ರಮ ಇನ್ನೂ ಹಳೆಯದು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಕಾರ್ಖಾನೆಗಳಿಗೆ ಹೊಸಬರು ನುಗ್ಗಿ ಬಂದಾಗ ರೂಪುಗೊಂಡು, ಆಮೇಲೆ ಜಪಾನಿಗೆ ಹೋಗಿ ಟೊಯೋಟಾದಲ್ಲಿ ನೆಲೆನಿಂತದ್ದು. ಒಂದು ಹಾಳೆ, ಮೂರು ಕಾಲಂ: ಏನು ಮಾಡಬೇಕು, ಅದರಲ್ಲಿ ಗಮನವಿಡಬೇಕಾದ್ದೇನು, ಏಕೆ. ಮೇಲಿನ ಶಾಫ್ಟಿನ ಉದಾಹರಣೆಯಲ್ಲಿ ಮೊದಲ ಕಾಲಂ ‘ಪೀಸ್ ಅಳೆಯಿರಿ’. ಎರಡನೆಯದು ‘ಮುಟ್ಟಿದರೆ ಬೆಚ್ಚಗಿರಬಾರದು’. ಮೂರನೆಯದು ‘ಬಿಸಿ ಪೀಸ್ 6 ಮೈಕ್ರಾನ್ ಹೆಚ್ಚು ತೋರಿಸುತ್ತದೆ’. ಕಲಿಸುವವರು ಮೂರು ಸಲ ಮಾಡಿ ತೋರಿಸಬೇಕು, ಪ್ರತಿ ಸಲ ಒಂದು ಕಾಲಂ ಸೇರಿಸಿ ಹೇಳುತ್ತ. ಆಮೇಲೆ ಕಲಿಯುವವರು ಮಾಡುತ್ತ ಮೂರನ್ನೂ ಬಾಯಿಬಿಟ್ಟು ಹೇಳಬೇಕು. ‘ಏಕೆ’ ಹೇಳಲಾಗದಿದ್ದರೆ ಕಲಿತಿಲ್ಲ. ಹಾಳೆಯನ್ನು ಸೆಟ್ಟರ್ ಕೈಯಲ್ಲಿ ಬರೆಸಬಾರದು. ಅವರು ಕೆಲಸ ಮಾಡುವಾಗ ಪಕ್ಕದಲ್ಲಿ ನಿಂತ ಟ್ರೇನಿ ‘ಈಗ ಯಾಕೆ ನಿಂತಿರಿ, ಈಗ ಏನು ನೋಡಿದಿರಿ’ ಎಂದು ಕೇಳಿ ಬರೆದುಕೊಳ್ಳಬೇಕು. ‘ಅಂದಾಜು’ ಎಂಬ ಮಾತಿನೊಳಗಿರುವ ಅಂಕಿಗಳು ಹೊರಬರುವುದು ಹಾಗೆ ಕೇಳಿದಾಗ.

ಐಟಿಯಲ್ಲಿ ಇದಕ್ಕೆ ಸಮನಾದದ್ದು ರಿವರ್ಸ್ ಕೆಟಿ, ಅಂದರೆ ಕಲಿತವರೇ ಹಳಬರ ಮುಂದೆ ಮಾಡಿ ತೋರಿಸುವುದು. ಎರಡು ಗಂಟೆಯ ರೆಕಾರ್ಡಿಂಗನ್ನು ಯಾರೂ ಎರಡನೇ ಸಲ ನೋಡುವುದಿಲ್ಲ. ಅದರಲ್ಲಿ ಆರ್ಕಿಟೆಕ್ಚರ್ ಚಿತ್ರ ಇರುತ್ತದೆ, ತಿಂಗಳ ಕೊನೆಯ ರಾತ್ರಿ ಬ್ಯಾಚ್ ಜಾಬ್ ಏಕೆ ನಿಲ್ಲುತ್ತದೆ ಎಂಬುದು ಇರುವುದಿಲ್ಲ. ಬದಲಿಗೆ ಮೊದಲ ಎರಡು ವಾರ ಹೊಸಬರು ಪಕ್ಕದಲ್ಲಿ ಕೂತು ನೋಡಲಿ, ಮುಂದಿನ ಎರಡು ವಾರ ಅವರೇ ಟಿಕೆಟ್ ಬಿಡಿಸಲಿ, ಹಳಬರು ಕೀಬೋರ್ಡ್ ಮುಟ್ಟದೆ ಪಕ್ಕದಲ್ಲಿರಲಿ. ತಿಂಗಳ ಕೊನೆಯೊಂದು ಆ ಅವಧಿಯೊಳಗೆ ಬರಲೇಬೇಕು.

ಎಐ ಬಂದ ಮೇಲೆ

ಕಂಪನಿಯ ಎಲ್ಲ ಫೈಲುಗಳನ್ನೂ ಎಐಗೆ ಕೊಟ್ಟರೆ ಅದೇ ಉತ್ತರ ಹೇಳುತ್ತದೆ, ಇನ್ನು ಕಲಿಸುವ ಗೊಡವೆ ಏಕೆ ಎಂಬ ವಾದ ಈಗ ಜೋರಾಗಿದೆ. ಹುಡುಕುವ ಕೆಲಸ ಅದರಿಂದ ಹಗುರವಾಗುತ್ತದೆ ನಿಜ. ಆದರೆ ಫೈಲಿನಲ್ಲಿ ಇಲ್ಲದ್ದು ಅದಕ್ಕೂ ಗೊತ್ತಿರುವುದಿಲ್ಲ, ಫೈಲಿನಲ್ಲಿರುವ ಹಳೆಯ ತಪ್ಪನ್ನು ಅದು ಧೈರ್ಯವಾಗಿ ಹೇಳುತ್ತದೆ. ಹೊರಗಿನ ಚಾಟ್‌ಬಾಟಿಗೆ ಉದ್ಯೋಗಿಗಳು ಕೋಡ್ ಹಾಕಿದ್ದು ತಿಳಿದು 2023ರಲ್ಲಿ ಸ್ಯಾಮ್‌ಸಂಗ್ ಅಂಥ ಸಾಧನಗಳ ಬಳಕೆಗೆ ತಡೆ ಹಾಕಿತ್ತು. ಕೆಲಸಗಾರರ ಭಯ ಇಲ್ಲಿ ಇನ್ನಷ್ಟು ಆಳ: ಕಿರಿಯರಿಗೆ ಕಲಿಸಿದರೆ ಒಬ್ಬ ಮನುಷ್ಯನಿಗೆ ಕೊಟ್ಟ ಹಾಗೆ, ಮಷೀನಿಗೆ ಕಲಿಸಿದರೆ ತನ್ನ ಹುದ್ದೆಯನ್ನೇ ಕೊಟ್ಟ ಹಾಗೆ. ಈ ಭಯಕ್ಕೆ ಆಡಳಿತ ಲಿಖಿತ ಉತ್ತರ ಕೊಡದ ತನಕ ಸಿಗುವುದು ಅರ್ಧ ಮಾತು ಮಾತ್ರ.

ಮೊದಲು ಆಗಬೇಕಾದ್ದು

ನಲವತ್ತು ಜನರ ಒಂದು ಗಾಲಾಕ್ಕೂ ಇದನ್ನು ಶುರು ಮಾಡಲು ಸಾಫ್ಟ್‌ವೇರ್ ಬೇಡ. ‘ಈ ವ್ಯಕ್ತಿ ನಾಳೆ ಬರದಿದ್ದರೆ ಯಾವ ಕೆಲಸ ನಿಲ್ಲುತ್ತದೆ’ ಎಂದು ಕೇಳುತ್ತ ಹೋದರೆ ಒಂದು ಮಧ್ಯಾಹ್ನದಲ್ಲಿ ಪಟ್ಟಿ ತಯಾರಾಗುತ್ತದೆ. ಒಬ್ಬರಿಗೆ ಮಾತ್ರ ಗೊತ್ತಿರುವ ಕೆಲಸಗಳೇ ಮೊದಲು. ಗೋಡೆಯ ಮೇಲೆ ಸ್ಕಿಲ್ ಮ್ಯಾಟ್ರಿಕ್ಸ್: ಅಡ್ಡಸಾಲಿನಲ್ಲಿ ಹೆಸರು, ಮೇಲೆ ಕೆಲಸ, ನಡುವೆ ನಾಲ್ಕು ಭಾಗದ ವೃತ್ತ. ಕಲಿಯುತ್ತಿದ್ದಾರೆ ಎಂಬುದಕ್ಕೆ ಕಾಲು, ನೋಡಿಕೊಳ್ಳುವವರಿದ್ದರೆ ಮಾಡುತ್ತಾರೆ ಎಂಬುದಕ್ಕೆ ಅರ್ಧ, ಒಬ್ಬರೇ ಮಾಡುತ್ತಾರೆ ಎಂಬುದಕ್ಕೆ ಮುಕ್ಕಾಲು. ಇನ್ನೊಬ್ಬರಿಗೆ ಕಲಿಸಬಲ್ಲರು ಎಂದಾದರೆ ಮಾತ್ರ ಪೂರ್ತಿ ವೃತ್ತ. ಸಂಬಳದ ಮುಂದಿನ ದರ್ಜೆಗೆ ಪೂರ್ತಿ ವೃತ್ತ ಕಡ್ಡಾಯ ಮಾಡಿದರೆ, ಕಲಿಸಿದವರಿಗೆ ನಷ್ಟ ಎಂಬ ಲೆಕ್ಕ ತಿರುಗಿ ನಿಲ್ಲುತ್ತದೆ.

ಜೊತೆಗೆ ಎರಡು ಲಿಖಿತ ಮಾತು ಬೇಕು. ಆಪರೇಟರ್ ಹೇಳಿದ ಸುಧಾರಣೆಯಿಂದ ಉಳಿದ ಸಮಯವನ್ನು ಮುಂದಿನ ವೇತನ ಒಪ್ಪಂದದ ತನಕ ಟಾರ್ಗೆಟಿಗೆ ಸೇರಿಸುವುದಿಲ್ಲ, ಸೇರಿಸಿದಾಗ ಉಳಿತಾಯದಲ್ಲಿ ಪಾಲಿದೆ. ಕಲಿಸಿದವರನ್ನು ಕಲಿತವರ ಹೆಸರು ಹೇಳಿ ತೆಗೆಯುವುದಿಲ್ಲ. ಯೂನಿಯನ್ ಇರುವ ಕಡೆ ಇವನ್ನು ಒಪ್ಪಂದದಲ್ಲೇ ಸೇರಿಸಬಹುದು. ಇದನ್ನು ಒಮ್ಮೆ ಮುರಿದರೂ ಮುಂದಿನ ಐದು ವರ್ಷ ಯಾರೂ ಬಾಯಿ ಬಿಡುವುದಿಲ್ಲ.

ಸಮಯವನ್ನು ಕೆಲಸದೊಳಗಿಂದಲೇ ತೆಗೆಯಬೇಕು. ಶಿಫ್ಟ್ ಬದಲಾಗುವಾಗ ಎರಡೂ ಕಡೆಯವರು ಮಷೀನ್ ಮುಂದೆ ಹತ್ತು ನಿಮಿಷ ನಿಲ್ಲುವಂತೆ ಸಮಯ ಜೋಡಿಸಿ, ಆ ಹತ್ತು ನಿಮಿಷಕ್ಕೂ ಸಂಬಳ ಕೊಡಬೇಕು. ಐಟಿಯವರ ಟೈಮ್‌ಶೀಟಿಗೆ ಕಲಿಸುವ ಕೆಲಸದ ಕೋಡ್ ಸೇರಬೇಕು. ಪ್ರತಿ ಹಾಳೆಯ ಕೆಳಗೆ ಬರೆದವರ ಹೆಸರು ಮತ್ತು ಆರು ತಿಂಗಳೊಳಗೆ ಮತ್ತೆ ನೋಡಬೇಕಾದ ದಿನಾಂಕ ಇರಬೇಕು. ಟೂಲಿನ ಕತ್ತರಿಸುವ ತುದಿಯಾದ ಇನ್ಸರ್ಟಿನ ಕಂಪನಿ ಬದಲಾಯಿತು, ಕೂಲಂಟ್ ಬದಲಾಯಿತು ಎಂದ ಮೇಲೆ ಹಳೆಯ ಅಂಕಿಗಳನ್ನು ನಂಬಿದರೆ ಹೊಸ ಸ್ಕ್ರ್ಯಾಪ್ ಶುರುವಾಗುತ್ತದೆ.

ಇಷ್ಟಾದ ಕಡೆ ಯಾರಾದರೂ ರಾಜೀನಾಮೆ ಕೊಟ್ಟಾಗ ನೋಟಿಸ್ ಅವಧಿಯಲ್ಲಿ ಉಳಿಯುವ ಕೆಲಸ ಸ್ವಲ್ಪವೇ: ಅವರ ಹೆಸರಿನ ಹಾಳೆಗಳನ್ನು ಅವರ ಮುಂದೆಯೇ ಇನ್ನೊಬ್ಬರಿಂದ ಮಾಡಿಸಿ ನೋಡಿ, ತಪ್ಪಿದ್ದಲ್ಲಿ ತಿದ್ದುವುದು. ಬಾಕಿ ಸಂಬಳ ಎರಡು ದಿನದಲ್ಲಿ ಅವರ ಖಾತೆ ಸೇರಲಿ.